ದೊಡ್ಡ ಮೇಡಂ ನೋಡಬೇಕಾದದ್ದು

ಫೆಬ್ರವರಿ 3

ಬೆಳಿಗ್ಗೆ ಪ್ರಿನ್ಸಿಪಾಲರು ಕರೆಸಿದರು. ಅವರು ಕುರ್ಚಿ ತೋರಿಸಿ ಕೂತ್ಕೊಳ್ಳಿ ಅಂದರೆ ಸುದ್ದಿ ಒಳ್ಳೆಯದಲ್ಲ ಎಂದು ಈ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಒಳ್ಳೆಯ ಸುದ್ದಿಯಾದರೆ ನಿಂತವರಿಗೇ ಹೇಳಿ ಕಳಿಸಿಬಿಡುತ್ತಾರೆ.

ಮಾರ್ಚ್ ಮೊದಲ ವಾರ ಮೌಲ್ಯಮಾಪನ ಸಮಿತಿ ಬರುತ್ತದಂತೆ. ನಮ್ಮ ಮೆಡಿಕಲ್ ಅಸಿಸ್ಟೆಂಟ್ ಕೋರ್ಸನ್ನು ಎರಡು ದಿನ ಕೂತು ನೋಡಿ, ಮಾನ್ಯತೆ ಮುಂದುವರಿಸಬೇಕೋ ಬೇಡವೋ ಎಂದು ಬರೆಯುತ್ತಾರೆ. ಬೇಡ ಎಂದರೆ ಕೋರ್ಸು ಮುಚ್ಚಿದ ಹಾಗೆಯೇ. ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ ಎನ್ನುವುದನ್ನು ಅವರೂ ಹೇಳಲಿಲ್ಲ, ನಾನೂ ಎತ್ತಲಿಲ್ಲ.

‘ಇಬ್ಬರು ಬರ್ತಾರೆ. ಒಬ್ಬರು ಯಾರೋ ಹೊಸಬರು. ಇನ್ನೊಬ್ಬರು ನಿಮಗೆ ಗೊತ್ತಿರೋರೇ,’ ಎಂದು ಪ್ರಿನ್ಸಿಪಾಲರು ಕಿಟಕಿಯ ಕಡೆ ತಿರುಗಿಕೊಂಡರು. ಅಷ್ಟರಲ್ಲೇ ನನಗೆ ಅರ್ಥವಾಯಿತು.

ದೊಡ್ಡ ಮೇಡಂ.

ಈ ಕೋರ್ಸನ್ನು ಹುಟ್ಟುಹಾಕಿದ್ದು ನಾವಿಬ್ಬರು. ಹಳೇ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ಗುಡಿಸಿ, ಅದಕ್ಕೆ ಲ್ಯಾಬ್ ಎಂದು ಹೆಸರಿಟ್ಟವರು ನಾವು. ಅವಳು ನನಗಿಂತ ವಯಸ್ಸಿನಲ್ಲಿ ಚಿಕ್ಕವಳು, ಎತ್ತರದಲ್ಲಿ ಒಂದು ತಲೆ ಜಾಸ್ತಿ. ಮೊದಲ ಬ್ಯಾಚಿನ ಹುಡುಗಿಯರು ಅವಳನ್ನು ದೊಡ್ಡ ಮೇಡಂ, ನನ್ನನ್ನು ಚಿಕ್ಕ ಮೇಡಂ ಎಂದು ಕರೆದರು, ಅದೇ ನಿಂತಿತು. ಅವಳು ಬಿಟ್ಟುಹೋಗಿ ನಾಲ್ಕು ವರ್ಷವಾಯಿತು. ಈಗಿನ ಮಕ್ಕಳಲ್ಲಿ ಒಬ್ಬರೂ ಅವಳನ್ನು ನೋಡಿಲ್ಲ. ಆದರೂ ನಾನು ಚಿಕ್ಕ ಮೇಡಮ್ಮೇ. ಕಳೆದ ವರ್ಷ ಒಬ್ಬಳು ಮುಗ್ಧವಾಗಿ ‘ದೊಡ್ಡವರು ಯಾರು ಮೇಡಂ?’ ಎಂದು ಕೇಳಿದಾಗ ಟೆಸ್ಟ್ ಟ್ಯೂಬ್ ತೊಳೆಯಲು ಕಳಿಸಿದೆ.

‘ಪರಿಚಯದವರು ಬರಬಾರದು ಅಂತ ಇದೆಯಲ್ಲ ಸರ್?’ ಎಂದೆ.

‘ಕೆಲಸ ಬಿಟ್ಟು ಮೂರು ವರ್ಷ ದಾಟಿದ್ರೆ ಅಡ್ಡಿಯಿಲ್ಲವಂತೆ. ಅಷ್ಟಕ್ಕೂ ನೀವಿಬ್ರೂ ಈಗ ಮಾತೇ ಆಡಲ್ವಲ್ಲ,’ ಅಂದರು.

ಬರಲಿ. ಬಂದು ನೋಡಲಿ. ಅವಳಿಲ್ಲದೆ ಈ ನಾಲ್ಕು ವರ್ಷ ಏನು ನಡೆಸಿದ್ದೇನೆ ಎಂದು ಕಣ್ಣಾರೆ ನೋಡಿಕೊಂಡು ಹೋಗಲಿ.

ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ಕನ್ನಡಕದ ಅಂಗಡಿ ಇಟ್ಟವರು, ಯಾರ ಮುಖವನ್ನೂ ಎರಡು ಸಲ ನೋಡದೆ ಮಾತಾಡುವುದಿಲ್ಲ. ‘ಹೆದರಿಕೆನಾ, ಖುಷಿನಾ?’ ಎಂದು ಕೇಳಿದರು. ಎರಡೂ ಅಲ್ಲ, ಕೆಲಸ ಜಾಸ್ತಿ ಎಂದೆ. ಅವರು ಪಲ್ಯ ಬಡಿಸಿಕೊಂಡರು.

ಫೆಬ್ರವರಿ 5

ಸ್ವಯಂ ಮೌಲ್ಯಮಾಪನ ವರದಿ ಬರೆಯಲು ಕೂತೆ. ಸಮಿತಿ ಬರುವ ಮೊದಲೇ ನಮಗೆ ನಾವೇ ಅಂಕ ಹಾಕಿಕೊಂಡು ಕಳಿಸಬೇಕು. ಮೊದಲ ಪ್ರಶ್ನೆ: ಈ ಕೋರ್ಸಿನ ಉದ್ದೇಶವೇನು?

ಏನು ಮಹಾ ಪ್ರಶ್ನೆ ಎಂದುಕೊಂಡೆ. ಅರೆವೈದ್ಯಕೀಯ ಕ್ಷೇತ್ರ, ಕೌಶಲ್ಯ, ಉದ್ಯೋಗಾವಕಾಶ ಎಂದೆಲ್ಲ ಒಂದು ಪುಟ ಬರೆದು ಓದಿದರೆ, ಅದು ಯಾವ ಕೋರ್ಸಿಗಾದರೂ ಸಲ್ಲುತ್ತಿತ್ತು. ಹೊಲಿಗೆ ತರಗತಿಗೂ ಸಲ್ಲುತ್ತಿತ್ತು. ಹರಿದು ಹಾಕಿದೆ.

ನಮ್ಮ ಮಕ್ಕಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಕ್ಲಿನಿಕ್ಕಿಗೆ ಬಂದವರನ್ನು ಮೊದಲು ಮಾತಾಡಿಸುವವರು. ತೂಕ ನೋಡಿ, ಬಿ.ಪಿ. ನೋಡಿ, ಏನಾಗಿದೆ ಎಂದು ಕೇಳಿ ಬರೆದುಕೊಂಡು, ರಕ್ತ ತೆಗೆದು, ಇಸಿಜಿ ಹಚ್ಚಿ, ಕಾಗದ ಪತ್ರವನ್ನು ಸರಿ ಮಾಡಿ ಡಾಕ್ಟರ ಮುಂದೆ ಕೂರಿಸುವವರು. ಇದನ್ನು ಒಂದೇ ಮಾತಿನಲ್ಲಿ ಹೇಳುವುದು ಹೇಗೆಂದು ಪೆನ್ನು ಕಚ್ಚುತ್ತ ಕೂತಾಗ, ಮೊದಲ ವರ್ಷ ಅವಳು ಸುಣ್ಣ ಬಳಿಯುತ್ತ ಹೇಳಿದ್ದು ನೆನಪಾಯಿತು. ‘ಬಾಗಿಲಿಂದ ಡಾಕ್ಟರ ತನಕ ರೋಗಿ ಒಬ್ಬನೇ ನಡೀಬಾರದು. ಅಷ್ಟೇ ಕಣೇ ನಮ್ಮ ಕೋರ್ಸು.’

ಅದನ್ನೇ ಬರೆದೆ. ಸ್ವಲ್ಪ ಗ್ರಾಂಥಿಕ ಮಾಡಿ ಬರೆದೆ. ಓದಿದರೆ ಅವಳಿಗೆ ಗೊತ್ತಾಗುತ್ತದೆ. ಗೊತ್ತಾಗಲಿ, ನನಗೇನು.

ಫೆಬ್ರವರಿ 9

ಭಾನುವಾರ. ನಮ್ಮವರು ಕೇಳಿದರು: ‘ನೀವಿಬ್ರೂ ಜಗಳ ಆಡಿದ್ದು ಯಾಕೆ ಅಂತ ನೀನು ಸರಿಯಾಗಿ ಹೇಳೇ ಇಲ್ಲ.’ ನೂರು ಸಲ ಹೇಳಿದ್ದೇನೆ. ಅವರು ಕೇಳಿಸಿಕೊಂಡಿಲ್ಲ. ಇಲ್ಲಿ ಒಂದು ಸಲ ನೆಟ್ಟಗೆ ಬರೆದಿಡುತ್ತೇನೆ.

ನಾಲ್ಕು ವರ್ಷದ ಹಿಂದೆ, ಸೆಮಿಸ್ಟರಿನ ಕೊನೆಯ ಪರೀಕ್ಷೆ. ಕಾಲೇಜಿನ ಸಿಬ್ಬಂದಿಯ ಬಿ.ಪಿ.ಯನ್ನು ಒಬ್ಬೊಬ್ಬ ವಿದ್ಯಾರ್ಥಿನಿ ನೋಡಿ ಬರೆದುಕೊಡಬೇಕಿತ್ತು. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಕಿವಿಗೆ ಸ್ಟೆತಸ್ಕೋಪ್ ಇಟ್ಟುಕೊಂಡು, ಗಾಳಿ ಬಿಡುತ್ತ ಆ ಲಬ್ ಲಬ್ ಸದ್ದು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಕೇಳಿಸಿಕೊಳ್ಳುವ ಕೆಲಸ. ಒಬ್ಬ ಹುಡುಗಿ ಮೊದಲ ಇಬ್ಬರಿಗೆ ಏನೋ ಬರೆದಿದ್ದಳು. ಉಳಿದ ಎಲ್ಲರಿಗೂ ನೂರಿಪ್ಪತ್ತು, ಎಂಬತ್ತು. ಇಡೀ ಕಾಲೇಜಿಗೆ ಅಷ್ಟು ಚೆಂದದ ಆರೋಗ್ಯ. ಸಿಕ್ಕಿಬಿದ್ದದ್ದು ಹೇಗೆಂದರೆ, ನಮ್ಮ ಅಟೆಂಡರಿಗೂ ನೂರಿಪ್ಪತ್ತು, ಎಂಬತ್ತು ಎಂದು ಬರೆದಿದ್ದಳು. ಅಟೆಂಡರ್ ಆ ದಿನ ಕೆಲಸಕ್ಕೇ ಬಂದಿರಲಿಲ್ಲ.

ನಾನು ನಕ್ಕುಬಿಟ್ಟೆ. ದೊಡ್ಡ ಮೇಡಂ ನಗಲಿಲ್ಲ.

‘ಅಳೆಯದೆ ಬರೆಯೋಳು ನಾಳೆ ಯಾರನ್ನಾದರೂ ಸಾಯಿಸ್ತಾಳೆ. ಇವಳನ್ನ ಕಳಿಸಿಬಿಡು,’ ಅಂದಳು.

ಹುಡುಗಿಯನ್ನು ಕರೆದು ಕೇಳಿದರೆ, ಅಳುತ್ತ ಹೇಳಿದ್ದು ಇಷ್ಟು: ‘ಸದ್ದು ಕೇಳಿಸಲಿಲ್ಲ ಮೇಡಂ. ಎಲ್ಲರಿಗೂ ಕೇಳಿಸ್ತಿತ್ತು. ನನಗೆ ಮಾತ್ರ ಕೇಳಿಸಲಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು.’

ನಾನು ಅವಳನ್ನು ಬಿಟ್ಟುಕೊಡಲಿಲ್ಲ. ಆ ಸೆಮಿಸ್ಟರನ್ನು ಮತ್ತೆ ಓದಲಿ ಎಂದೆ. ಪ್ರಿನ್ಸಿಪಾಲರು ನನ್ನ ಕಡೆ ಬಂದರು, ಯಾಕೆಂದರೆ ಒಬ್ಬಳು ಹೋದರೆ ಸಂಖ್ಯೆ ಕಡಿಮೆಯಾಗುತ್ತದೆ. ದೊಡ್ಡ ಮೇಡಂ ‘ಹಾಗಾದ್ರೆ ಇದು ಇನ್ನು ನಿನ್ನ ಕೋರ್ಸು’ ಎಂದು ಹೇಳಿ, ಆ ಸೆಮಿಸ್ಟರ್ ಮುಗಿಯುತ್ತಲೇ ಬೇರೆ ಕಾಲೇಜಿಗೆ ಹೋದಳು. ಹೋಗುವ ದಿನ ನನ್ನ ಮೇಜಿನ ಮುಂದೆ ನಿಂತಳು. ನಾನು ತಲೆ ಎತ್ತಲಿಲ್ಲ. ಅವಳೂ ಮಾತಾಡಲಿಲ್ಲ.

ಆ ಹುಡುಗಿಗೆ ‘ನೂರಿಪ್ಪತ್ತು’ ಎಂದು ಅಡ್ಡಹೆಸರು ಬಿತ್ತು. ಆಮೇಲೆ ಚೆನ್ನಾಗಿ ಓದಿದಳು, ಕ್ಲಿನಿಕ್ಕಿನಲ್ಲಿ ದುಡಿದಳು, ಎರಡು ವರ್ಷದಿಂದ ನಮ್ಮಲ್ಲೇ ಲ್ಯಾಬ್ ಕಲಿಸುತ್ತಾಳೆ. ದೊಡ್ಡ ಮೇಡಂ ಬಂದು ನೋಡಬೇಕಾದದ್ದು ಅವಳನ್ನೇ. ಅವಳನ್ನು ನೋಡಿ ನನಗೆ ‘ನೀನೇ ಸರಿ ಕಣೇ’ ಎಂದು ಒಂದು ಮಾತು ಅಂದರೆ ಸಾಕು. ಮಾನ್ಯತೆ ಕೊಡದಿದ್ದರೂ ಚಿಂತೆಯಿಲ್ಲ ಎಂದು ಬರೆಯಲು ಹೊರಟಿದ್ದೆ. ಛೆ, ಚಿಂತೆಯಿದೆ. ಮಾನ್ಯತೆಯೂ ಬೇಕು.

ಫೆಬ್ರವರಿ 14

ಲ್ಯಾಬ್ ಕ್ಲೀನಿಂಗ್. ರಕ್ತ ತೆಗೆಯುವುದನ್ನು ಕಲಿಸುವ ರಬ್ಬರ್ ಕೈ ಮತ್ತೆ ಸೋರುತ್ತಿದೆ. ಎಷ್ಟು ಸಾವಿರ ಸಲ ಚುಚ್ಚಿಸಿಕೊಂಡಿದೆಯೋ ಪಾಪ. ಮಕ್ಕಳು ಅದನ್ನು ಮಾವ ಅನ್ನುತ್ತಾರೆ. ‘ಮಾವನ ಕೈ ಸೋರ್ತಿದೆ ಮೇಡಂ’ ಎಂದು ಓಡಿ ಬರುತ್ತಾರೆ. ಹೊಸದು ಕೊಡಿಸಿ ಎಂದರೆ ಪ್ರಿನ್ಸಿಪಾಲರು ಮಾವನಿಗೆ ಪ್ಲಾಸ್ಟರ್ ಹಚ್ಚಿ ಅನ್ನುತ್ತಾರೆ.

ಕಪಾಟಿನ ಮೇಲಿನ ಹಲಗೆ ನಾಲ್ಕು ವರ್ಷದಿಂದ ಹಾಗೆಯೇ ಇತ್ತು. ಅಲ್ಲಿಗೆ ಕೈ ಎಟುಕುತ್ತಿದ್ದದ್ದು ಅವಳೊಬ್ಬಳಿಗೇ. ಸ್ಟೂಲ್ ಹಾಕಿ ಹತ್ತಿದೆ. ಧೂಳಿನ ನಡುವೆ ಹತ್ತಿ ಉಂಡೆಗಳ ಡಬ್ಬ, ಮಡಿಸಿಟ್ಟ ಬ್ಯಾಂಡೇಜುಗಳು. ಒಂದೊಂದೂ ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು. ಬ್ಯಾಂಡೇಜ್ ಮಡಿಸುವುದರಲ್ಲಿ ಅವಳದು ಎತ್ತಿದ ಕೈ. ನನ್ನವು ಯಾವಾಗಲೂ ಹಾಸಿಗೆ ಸುತ್ತಿದ ಹಾಗೆ ಇರುತ್ತವೆ ಎಂದು ಗೇಲಿ ಮಾಡುತ್ತಿದ್ದಳು.

ಧೂಳು ಒರೆಸಿ, ಎಲ್ಲವನ್ನೂ ಇದ್ದಲ್ಲೇ ಇಟ್ಟೆ. ನೂರಿಪ್ಪತ್ತು ಕೆಳಗೆ ಸ್ಟೂಲ್ ಹಿಡಿದು ನಿಂತಿದ್ದಳು. ‘ಹಳೇದಲ್ವಾ ಮೇಡಂ, ಬಿಸಾಕೋಣ,’ ಅಂದಳು. ಇರಲಿ, ತಪಾಸಣೆಯಲ್ಲಿ ದಾಸ್ತಾನು ಲೆಕ್ಕಕ್ಕೆ ಬರುತ್ತದೆ ಎಂದೆ.

ಫೆಬ್ರವರಿ 16

ತಲೆಗೆ ಬಣ್ಣ ಹಾಕಿಸಿಕೊಂಡು ಬಂದೆ. ನಮ್ಮವರು ಕನ್ನಡಕ ಹಣೆಗೇರಿಸಿ ನೋಡಿ, ‘ತಪಾಸಣೆ ಕೋರ್ಸಿಗಾ, ನಿಂಗಾ?’ ಅಂದರು.

ಫೆಬ್ರವರಿ 20

ಇಂದು ಅಣಕು ತಪಾಸಣೆ. ಮಕ್ಕಳಿಗೆ ಅಭ್ಯಾಸವಾಗಲಿ ಎಂದು ನೂರಿಪ್ಪತ್ತನ್ನೇ ಸಮಿತಿಯವರ ಹಾಗೆ ನಟಿಸಲು ಹೇಳಿದೆ. ಅವಳು ಹೊರಗೆ ಹೋಗಿ, ಕೋಟಿನ ಗುಂಡಿಗಳನ್ನೆಲ್ಲ ಕುತ್ತಿಗೆಯ ತನಕ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಮೊದಲು ಕೋಣೆಯನ್ನು ಈ ತುದಿಯಿಂದ ಆ ತುದಿಗೆ ಒಂದು ಸಲ ನೋಡಿದಳು. ಆಮೇಲೆ ಮೆಲ್ಲಗೆ, ‘ಇದನ್ನ ಯಾರು ಅಳೆದ್ರು? ಯಾವ ಕೈ? ರೋಗಿ ಕೂತಿದ್ರಾ, ಮಲಗಿದ್ರಾ? ನೀವು ಅಲ್ಲಿ ಇದ್ರಾ, ಇಲ್ವಾ?’ ಎಂದು ಕೇಳಿದಳು.

ಥೇಟ್ ದೊಡ್ಡ ಮೇಡಮ್ಮೇ. ಆ ಕೊನೆಯ ‘ಇಲ್ವಾ’ವನ್ನು ಎಳೆಯುವುದು ಕೂಡ. ಮಕ್ಕಳಿಗೆ ಯಾರನ್ನು ಅಣಕಿಸುತ್ತಿದ್ದಾಳೆಂದು ಗೊತ್ತಿಲ್ಲದಿದ್ದರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋದೆ. ಇದರಲ್ಲೇನೂ ಇಲ್ಲ, ನಾಲ್ಕು ವರ್ಷದ ಮೇಲೆ ಒಂದು ಸದ್ದು ಕೇಳಿದರೆ ಹಾಗಾಗುತ್ತದೆ.

ತರಗತಿ ಮುಗಿದ ಮೇಲೆ ನೂರಿಪ್ಪತ್ತು ನನ್ನ ಕೋಣೆಗೆ ಬಂದಳು. ಕೋಟಿನ ಮೇಲಿನ ಗುಂಡಿಗಳನ್ನು ಬಿಚ್ಚಿದ್ದಳು.

‘ಚಿಕ್ಕ ಮೇಡಂ, ಅವರು ಬರೋ ಎರಡು ದಿನ ನಾನು ರಜ ಹಾಕಲಾ?’

‘ಯಾಕೆ?’

‘ನನ್ನ ಮುಖ ನೋಡಿದ್ರೆ ಅವರಿಗೆ ಎಲ್ಲ ನೆನಪಾಗತ್ತೆ. ಈ ಹುಡುಗಿ ಕೈಲಿ ಪಾಠ ಮಾಡಿಸ್ತಾರಾ ಅಂತ ಬರೆದುಬಿಟ್ರೆ? ನನ್ನಿಂದ ಒಂದು ಸಲ ನಿಮ್ಮಿಬ್ಬರಿಗೆ ಆಗಿದ್ದು ಸಾಕು.’

ಬೈದೆ. ರಜೆ ಹಾಕಿದರೆ ಸಂಬಳ ಕತ್ತರಿಸುತ್ತೇನೆ ಎಂದೆ. ಅದು ನನ್ನ ಕೈಯಲ್ಲಿಲ್ಲ ಎಂದು ಅವಳಿಗೂ ಗೊತ್ತು. ‘ಅವಳು ನೋಡಬೇಕಾದದ್ದೇ ನಿನ್ನನ್ನ,’ ಎಂದೆ. ಆ ಮಾತು ಸ್ವಲ್ಪ ಜೋರಾಗಿಯೇ ಬಂದುಬಿಟ್ಟಿತು.

ಫೆಬ್ರವರಿ 23

ನಮ್ಮಲ್ಲಿ ಓದಿದವರ ಕೆಲಸ ಹೇಗಿದೆ ಎಂದು ಅವರನ್ನು ಇಟ್ಟುಕೊಂಡವರಿಂದ ಅಭಿಪ್ರಾಯ ತರಬೇಕು. ದೊಡ್ಡ ರಸ್ತೆಯ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಯಾರನ್ನೂ ಹೊಗಳುವವರಲ್ಲ. ನಮ್ಮ ಹಳೇ ವಿದ್ಯಾರ್ಥಿನಿಯರು ಮೂವರು ಅಲ್ಲಿದ್ದಾರೆ. ನನ್ನನ್ನು ಕಂಡು ಮೂವರೂ ಒಟ್ಟಿಗೆ ಗಂಭೀರವಾದರು.

‘ಬೇರೆ ಕಡೆ ಓದಿ ಬಂದೋರು ಕೇಳಿದ ತಕ್ಷಣ ನಂಬರ್ ಹೇಳ್ತಾರೆ. ನಿಮ್ಮೋರು ಒಳಗೆ ಬಂದು, ಕೇಳಿಸಲಿಲ್ಲ ಡಾಕ್ಟ್ರೇ, ಒಂದು ಸಲ ನೀವು ನೋಡಿ ಅಂತಾರೆ. ಮೊದಮೊದಲು ಸಿಟ್ಟು ಬರ್ತಿತ್ತು, ಏನು ಕಲಿಸಿದ್ದಾರೋ ಇವರಿಗೆ ಅಂತ. ಆಮೇಲೆ ಒಂದಿನ ಒಬ್ಬ ಅಜ್ಜನಿಗೆ ಹೀಗೇ ಕೇಳಿಸಲಿಲ್ಲ ಅಂದಳು. ಹೋಗಿ ನೋಡಿದ್ರೆ ನಿಜವಾಗ್ಲೂ ಬಿ.ಪಿ. ಇರಲೇ ಇಲ್ಲ, ಅಷ್ಟು ಇಳಿದುಹೋಗಿತ್ತು. ಇವಳು ಅಲ್ಲೇನಾದ್ರೂ ಒಂದು ನಂಬರ್ ಬರೆದಿದ್ರೆ ಅಜ್ಜ ಹೊರಗಿನ ಬೆಂಚಿನ ಮೇಲೇ ಹೋಗಿಬಿಡ್ತಿದ್ದ. ಇದನ್ನ ಯಾರ್ರೀ ಕಲಿಸಿದ್ದು ನಿಮ್ಮಲ್ಲಿ?’

ಕಲಿಸುವುದು ನೂರಿಪ್ಪತ್ತು. ಹೊಸಬರ ಮೊದಲ ತರಗತಿಯಲ್ಲೇ ಸ್ಟೆತಸ್ಕೋಪಿನ ನಳಿಗೆಯೊಳಗೆ ಹತ್ತಿ ತುರುಕಿ ಕೊಡುತ್ತಾಳೆ. ಏನೆಂದರೆ ಏನೂ ಕೇಳಿಸುವುದಿಲ್ಲ. ಆದರೂ ಎಲ್ಲರೂ ಒಂದೊಂದು ನಂಬರ್ ಹೇಳುತ್ತಾರೆ, ಪಕ್ಕದವಳು ಹೇಳಿದ್ದಕ್ಕೆ ಹತ್ತಿರ ಹತ್ತಿರ. ಆಮೇಲೆ ಹತ್ತಿ ಎಳೆದು ತೋರಿಸಿ, ತನ್ನ ಅಡ್ಡಹೆಸರಿನ ಕಥೆಯನ್ನು ತಾನೇ ಹೇಳುತ್ತಾಳೆ. ಆ ದಿನದಿಂದ ನಮ್ಮ ಲ್ಯಾಬಿನಲ್ಲಿ ‘ಕೇಳಿಸಲಿಲ್ಲ’ ಎನ್ನಲು ಯಾರಿಗೂ ನಾಚಿಕೆಯಿಲ್ಲ.

ಆದರೆ ಬಸ್ಸಿನಲ್ಲಿ ಬರುತ್ತ ಅನ್ನಿಸಿತು, ದೊಡ್ಡ ಮೇಡಂ ಆವತ್ತು ಅಷ್ಟು ಕೆರಳಿರದಿದ್ದರೆ ಈ ಹುಡುಗಿ ಹೀಗೆ ಆಗುತ್ತಿದ್ದಳಾ? ನಾನೊಬ್ಬಳೇ ಇದ್ದಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದೆ. ಅವಳೊಬ್ಬಳೇ ಇದ್ದಿದ್ದರೆ ಹುಡುಗಿ ಮನೆಗೆ ಹೋಗುತ್ತಿದ್ದಳು. ಇದನ್ನು ತಕ್ಷಣ ಅವಳಿಗೆ ಹೇಳಬೇಕೆನ್ನಿಸಿ ಫೋನ್ ತೆಗೆದೆ. ಅವಳ ನಂಬರ್ ಹಾಗೆಯೇ ಇದೆ, ಅವಳ ಎತ್ತರಕ್ಕೆ ನಾನಿಟ್ಟ ‘ಉದ್ದಿ’ ಎಂಬ ಹೆಸರಿನಲ್ಲಿ. ಅಷ್ಟರಲ್ಲಿ ನೆನಪಾಯಿತು, ಸಮಿತಿಯವರನ್ನು ಸಂಪರ್ಕಿಸುವ ಹಾಗಿಲ್ಲ. ನಿಯಮ ಇಲ್ಲದಿದ್ದರೆ ಮಾಡುತ್ತಿದ್ದೆನಾ, ಅದು ಗೊತ್ತಿಲ್ಲ. ಫೋನನ್ನು ಚೀಲಕ್ಕೆ ಹಾಕಿ, ಇಳಿಯಬೇಕಾದ ನಿಲ್ದಾಣದಿಂದ ಎರಡು ನಿಲ್ದಾಣ ಮುಂದೆ ಇಳಿದೆ.

ಮಾರ್ಚ್ 1

ವರದಿ ಕಳಿಸಿ ಆಯಿತು. ಮಕ್ಕಳು ತಯಾರು. ಮಾವನಿಗೂ ಪ್ಲಾಸ್ಟರ್ ಆಯಿತು. ಬರೆಯಲು ಏನೂ ಇಲ್ಲ, ಆದರೂ ಬರೆಯುತ್ತೇನೆ.

ಅವಳು ಬಂದರೆ ಹೇಳಬೇಕಾದದ್ದು ಎಷ್ಟೊಂದಿದೆ. ನಮ್ಮ ಅಟೆಂಡರ್ ನಿವೃತ್ತನಾದ, ಕೊನೆಯ ದಿನ ನಿಜವಾಗಿಯೂ ಬಿ.ಪಿ. ನೋಡಿಸಿಕೊಂಡ, ನೂರಿಪ್ಪತ್ತು ಎಂಬತ್ತೇ ಬಂತು. ನಾನೂ ಆ ಹುಡುಗಿಯೂ ಒಬ್ಬರ ಮುಖ ಒಬ್ಬರು ನೋಡಲಾರದೆ ನಕ್ಕೆವು. ಆಗ ಅವಳಿರಬೇಕಿತ್ತು. ಮುಚ್ಚಲು ಬಾರದೆ ನಾವು ಹಗ್ಗ ಕಟ್ಟಿಡುತ್ತಿದ್ದ ಕಿಟಕಿಯನ್ನು ಸರಿಮಾಡಿಸಿದೆ. ಅದರಿಂದ ಗಾಳಿ ಬರುವುದು ನಿಂತು, ಈಗ ಮಧ್ಯಾಹ್ನ ಮಕ್ಕಳು ತೂಕಡಿಸುತ್ತಾರೆ. ನಮ್ಮಮ್ಮ ಹೋದಾಗ ಅವಳಿಗೆ ತಿಳಿಸಲಿಲ್ಲ. ಬಂದವರೆಲ್ಲ ಹೋದ ಮೇಲೂ ಬಾಗಿಲ ಕಡೆ ನೋಡುತ್ತ ಕೂತಿದ್ದೆ. ತಿಳಿಸದೆ ಹೇಗೆ ಬರುತ್ತಾಳೆ ಎಂದು ನಮ್ಮವರು ಕೇಳಿದಾಗ ಅವರ ಮೇಲೆಯೇ ರೇಗಿದೆ.

ಇಂಥವನ್ನೆಲ್ಲ ಬೇರೆಯವರಿಗೂ ಹೇಳಬಹುದು. ಹೇಳಿದ್ದೇನೆ. ಕೇಳಿ, ಹೌದಾ, ಪಾಪ ಅನ್ನುತ್ತಾರೆ. ಅವಳಾದರೆ ‘ಆಮೇಲೆ?’ ಅನ್ನುತ್ತಿದ್ದಳು. ಆ ‘ಆಮೇಲೆ?’ ಕೇಳದೆ ನನ್ನ ಯಾವ ಮಾತೂ ಮುಗಿದ ಹಾಗೆ ಅನ್ನಿಸುವುದಿಲ್ಲ. ಗಂಡ ಇದ್ದಾರೆ, ಮನೆ ಇದೆ, ಇಡೀ ದಿನ ಮಕ್ಕಳ ಗದ್ದಲ. ಆದರೂ ಒಬ್ಬಳು ಇಲ್ಲ ಎಂದರೆ ಇಲ್ಲ. ಇದನ್ನು ಯಾರಿಗೆ ಹೇಳುವುದು, ಇಷ್ಟು ವಯಸ್ಸಾದ ಮೇಲೆ.

‘ನೀನೇ ಸರಿ’ ಎಂದು ಅವಳು ಅನ್ನದಿದ್ದರೂ ಪರವಾಗಿಲ್ಲ. ತಪ್ಪು ಹುಡುಕಲಿ. ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತು, ಯಾವ ಕೈ ಎಂದು ಕೇಳಲಿ.

ಮಾರ್ಚ್ 4

ನಾಳೆ. ನಮ್ಮವರು ನನ್ನ ಕನ್ನಡಕವನ್ನು ಅಂಗಡಿಗೆ ಒಯ್ದು ತೊಳೆದು, ಸಡಿಲವಾಗಿದ್ದ ಕಡ್ಡಿ ಬಿಗಿ ಮಾಡಿ ತಂದರು. ‘ಚೆನ್ನಾಗಿ ಕಾಣಲಿ’ ಅಂದರು. ನನಗೆ ಕಾಣಲಿ ಎಂದೋ, ನಾನು ಕಾಣಲಿ ಎಂದೋ, ಕೇಳಲು ಹೋಗಲಿಲ್ಲ.

ಮಾರ್ಚ್ 5

ಬರಲಿಲ್ಲ.

ಕಾರಿನಿಂದ ಇಳಿದವರು ಇಬ್ಬರು ಗಂಡಸರು. ಒಬ್ಬರು ಕಾಗದಪತ್ರದವರು, ಕಚೇರಿ ಬಿಟ್ಟು ಅಲ್ಲಾಡಲಿಲ್ಲ. ಇನ್ನೊಬ್ಬರು ವಯಸ್ಸಾದವರು, ಎಲ್ಲೋ ಲ್ಯಾಬ್ ನಡೆಸಿ ನಿವೃತ್ತರಾದವರಂತೆ, ಕೊನೆಗಳಿಗೆಯಲ್ಲಿ ಅವಳ ಬದಲಿಗೆ ಒಪ್ಪಿಕೊಂಡು ಬಂದರಂತೆ. ‘ಅವರಿಗೇನೋ ವೈಯಕ್ತಿಕ ಕಾರಣವಂತೆ,’ ಎಂದು ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ ಹೇಳಿದರು. ಹೇಳುವಾಗ ಅವರ ಮುಖ ನಿರಾಳವಾಗಿತ್ತು.

ವೈಯಕ್ತಿಕ ಕಾರಣ ಏನೆಂದು ನನಗೆ ಗೊತ್ತಿಲ್ಲವೇ. ಈ ಮೆಟ್ಟಿಲು ಹತ್ತಲು ಅವಳಿಗೆ ಮನಸ್ಸಿಲ್ಲ. ನನ್ನ ಮುಖ ನೋಡಲು ಮನಸ್ಸಿಲ್ಲ. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು ಇನ್ನೂ ಇಳಿದಿಲ್ಲ. ನಾನೊಬ್ಬಳು ಹುಚ್ಚಿ, ಹಲಗೆ ಒರೆಸಿದೆ, ತಲೆಗೆ ಬಣ್ಣ ಹಾಕಿಸಿಕೊಂಡೆ.

ಇಡೀ ದಿನ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಏನು ಕೇಳಿದರು, ಏನು ಹೇಳಿದೆ ಒಂದೂ ನೆನಪಿಲ್ಲ. ನೂರಿಪ್ಪತ್ತು ಮಾತ್ರ ಅವಳು ಬರಲಿಲ್ಲ ಎಂದು ತಿಳಿದ ಕೂಡಲೇ ಮುಖ ಅರಳಿಸಿದಳು. ಆಮೇಲೆ ನನ್ನನ್ನು ನೋಡಿ ಅರಳಿದ್ದನ್ನು ಒಳಗೆ ಎಳೆದುಕೊಂಡಳು.

ಮಾರ್ಚ್ 6

ಎರಡನೆಯ ದಿನ. ಆದದ್ದನ್ನೆಲ್ಲ ಬರೆಯಬೇಕು.

ಬೆಳಿಗ್ಗೆ ಹಿರಿಯರು ಲ್ಯಾಬಿಗೆ ಬಂದರು. ಒಂದು ಮೂಲೆಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ, ಅಂಗಿಯ ತೋಳು ಮಡಿಸಿ, ‘ನನ್ನ ಬಿ.ಪಿ. ನೋಡಿ ಮಕ್ಕಳೇ’ ಎಂದು ಮೇಜಿನ ಮೇಲೆ ಎಡಗೈ ಚಾಚಿದರು. ಮೊದಲನೆಯವಳು ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿ, ಬಿಟ್ಟು, ‘ಕೇಳಿಸಲಿಲ್ಲ ಸರ್,’ ಅಂದಳು. ಎರಡನೆಯವಳೂ ಅದನ್ನೇ ಅಂದಳು. ಮೂರನೆಯವಳಿಗೂ ಕೇಳಿಸಲಿಲ್ಲ. ಪ್ರಿನ್ಸಿಪಾಲರು ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದರು. ಯಾರಾದರೂ ಒಂದು ನಂಬರ್ ಹೇಳಿಬಿಡಬಾರದೇ ಎಂದು ಅವರ ಮುಖ ಬೇಡಿಕೊಳ್ಳುತ್ತಿತ್ತು.

ಹಿರಿಯರು ನೂರಿಪ್ಪತ್ತಿನ ಕಡೆ ತಿರುಗಿದರು. ‘ಕಲಿಸೋರು ನೀವಲ್ವಾ? ನೀವು ನೋಡಿ.’

ಅವಳು ಪಟ್ಟಿ ಬಿಚ್ಚಿ ಹೊಸದಾಗಿ ಕಟ್ಟಿದಳು. ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಸ್ಟೆತಸ್ಕೋಪ್ ತೆಗೆದು, ನೆಟ್ಟಗೆ ಅವರ ಮುಖ ನೋಡಿ ಹೇಳಿದಳು: ‘ನನಗೂ ಕೇಳಿಸಲಿಲ್ಲ ಸರ್. ಈ ಕೈಲಿ ನಾಡಿನೂ ತುಂಬ ಸಣ್ಣಗಿದೆ. ಇನ್ನೊಂದು ಕೈ ಕೊಡ್ತೀರಾ?’

ಅವರು ನಕ್ಕುಬಿಟ್ಟರು. ಎಡಗೈಯ ರಕ್ತನಾಳದ ತೊಂದರೆ ಅವರಿಗೆ ಹಳೆಯದಂತೆ, ಆ ಕೈಯಲ್ಲಿ ಯಾರಿಗೂ ಸರಿಯಾಗಿ ಸಿಗುವುದಿಲ್ಲವಂತೆ. ಹೋದ ಕಡೆಯೆಲ್ಲ ಹೀಗೆಯೇ ಎಡಗೈ ಚಾಚುತ್ತಾರಂತೆ. ‘ಎಲ್ಲ ಕಾಲೇಜಲ್ಲೂ ನನಗೆ ಒಳ್ಳೊಳ್ಳೆ ನಂಬರ್ ಕೊಟ್ಟಿದ್ದಾರೆ. ಕೊಡದೆ ಇದ್ದೋರು ನೀವೇ ಮೊದಲು,’ ಅಂದರು. ಬಲಗೈ ಕೊಟ್ಟರು. ಅದರಲ್ಲಿ ಸಿಕ್ಕಿತು, ಸ್ವಲ್ಪ ಜಾಸ್ತಿಯೇ ಇತ್ತು, ನೂರಿಪ್ಪತ್ತು ಅವರಿಗೆ ಉಪ್ಪು ಕಡಿಮೆ ಮಾಡಲು ಹೇಳಿದಳು.

ಆ ಕ್ಷಣ ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಖುಷಿಯಾದ ತಕ್ಷಣ ನಾನು ಪಕ್ಕಕ್ಕೆ ತಿರುಗಿದ್ದು, ನೋಡಿದೆಯೇನೇ ಎಂದು ಕೇಳಲು. ಪಕ್ಕದಲ್ಲಿ ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ಕಾರಿಗೆ ಕಾಯುತ್ತ ಹಿರಿಯರು ವರಾಂಡದ ಬೆಂಚಿನ ಮೇಲೆ ಕೂತಿದ್ದರು. ನೀರು ಕೊಡಲು ಹೋದೆ. ಲೋಟ ತೆಗೆದುಕೊಂಡು, ‘ಚಿಕ್ಕ ಮೇಡಂ ಅಂದ್ರೆ ನೀವೇನಾ?’ ಎಂದರು.

ಮಕ್ಕಳು ಹಾಗೆ ಕರೀತಾರೆ ಎಂದೆ.

‘ಮಕ್ಕಳಿಂದ ಕೇಳಿದ್ದಲ್ಲ. ಹೇಳಬಾರದು, ಆದರೂ ಹೇಳ್ತೀನಿ. ಹೊರಡೋ ಮೊದಲು ಎಲ್ಲ ಸಮಿತಿಯೋರೂ ಒಟ್ಟಿಗೆ ಕೂತು ಒಂದು ಘೋಷಣೆಗೆ ಸಹಿ ಮಾಡ್ತೀವಿ, ನಾವು ಹೋಗೋ ಕಾಲೇಜಿನೋರು ನಮಗೆ ಬೇಕಾದೋರಲ್ಲ ಅಂತ. ಯಾರೂ ಓದಲ್ಲ, ಮಾಡಿಬಿಡ್ತೀವಿ. ನಿಮ್ಮ ದೊಡ್ಡ ಮೇಡಂ ಪೆನ್ನು ಕೆಳಗಿಟ್ಟುಬಿಟ್ರು. ಮೂರು ವರ್ಷ ದಾಟಿದೆ, ನಿಯಮದ ಪ್ರಕಾರ ಅಡ್ಡಿಯಿಲ್ಲ ಅಂತ ಎಲ್ಲರೂ ಹೇಳಿದ್ವಿ. ಕೇಳಲಿಲ್ಲ.’

‘ಏನಂದಳು?’ ನನ್ನ ಬಾಯಿಂದ ಏಕವಚನ ಬಂದದ್ದು ಆಮೇಲೆ ಗೊತ್ತಾಯಿತು.

‘ಅಲ್ಲಿರೋಳು ನನಗೆ ತುಂಬ ಬೇಕಾದವಳು ಅಂದ್ರು. ನಾಲ್ಕು ವರ್ಷದಿಂದ ಮಾತಿಲ್ಲ, ಆದರೂ ಬೇಕಾದವಳೇ. ನಾನು ಹೋದ್ರೆ ತಪ್ಪು ಕಂಡರೂ ಕಾಣಲಿಲ್ಲ ಅಂತ ಬರೀತೀನಿ, ಅಳೆಯದೆ ಅಂಕ ಹಾಕ್ತೀನಿ, ಅದು ನನ್ನ ಕೈಲಾಗಲ್ಲ, ಬಿಟ್ಟುಬಿಡಿ ಅಂದ್ರು. ಎದ್ದು ಹೊರಟೋರು ಮತ್ತೆ ವಾಪಸ್ ಬಂದು, ಅಲ್ಲಿ ಏನೇನು ನೋಡಿದ್ರಿ ಅಂತ ಆಮೇಲೆ ನನಗೂ ಒಂಚೂರು ಹೇಳ್ತೀರಾ ಅಂತ ಕೇಳಿದ್ರು. ಅದೂ ಹೇಳೋ ಹಾಗಿಲ್ಲ, ಫಲಿತಾಂಶ ಬರೋ ತನಕ.’

ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ಅವರು ಲೋಟ ಕೆಳಗಿಟ್ಟು, ‘ನೀವೂ ಅವರಿಗೆ ಫೋನ್ ಗೀನ್ ಮಾಡಬೇಡಿ. ಒಂದು ಸಲ ಸಮಿತಿ ಪಟ್ಟಿಯಲ್ಲಿ ಹೆಸರಿದ್ದ ಮೇಲೆ ಫಲಿತಾಂಶದ ತನಕ ನೀವಿಬ್ಬರು ಮಾತಾಡೋ ಹಾಗಿಲ್ಲ. ಜೂನ್‌ಗೆ ಬರತ್ತೆ,’ ಅಂದರು. ಕಾರು ಬಂತು.

ಹಾಳಾದವಳು. ಎಲ್ಲರೂ ಕಣ್ಣು ಮುಚ್ಚಿ ಮಾಡುವ ಸಹಿಯನ್ನು ಇವಳೊಬ್ಬಳು ಓದುತ್ತಾಳೆ. ಓದದೆ ಮಾಡಿದ್ದರೆ ನಿನ್ನೆ ಬೆಳಿಗ್ಗೆ ಆ ಕಾರಿನಿಂದ ಇಳಿಯುತ್ತಿದ್ದಳು. ಹಾಗೆ ಇಳಿದಿದ್ದರೆ ಅವಳು ಅವಳೇ ಆಗಿರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅವಳು. ಎರಡೂ ಒಟ್ಟಿಗೆ ಹೇಗೆ ಸಿಗುತ್ತದೆ.

ಬೇಕಾದವಳು. ಎಷ್ಟು ಸಲ ಯಾರು ಯಾರ ಬಗ್ಗೆಯೋ ಆ ಮಾತು ಆಡಿದ್ದೇನೆ, ನಮಗೆ ಬೇಕಾದೋರು ಕಣ್ರಿ, ಸ್ವಲ್ಪ ನೋಡಿ ಎಂದು. ನನ್ನ ಬಗ್ಗೆ ಒಬ್ಬರು ಆಡಿದ್ದು ಕೇಳಿದ್ದು ಇದೇ ಮೊದಲು. ಅದಕ್ಕೆ ‘ತುಂಬ’ ಬೇರೆ ಸೇರಿಸಿದ್ದಾಳೆ. ಎಲ್ಲರ ಮುಂದೆ, ಪೆನ್ನು ಕೆಳಗಿಟ್ಟು.

ಮನೆಗೆ ಬಂದಾಗ ನಮ್ಮವರು ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲೇ ನಿಂತಿದ್ದರು. ಚೀಲ ತೆಗೆದುಕೊಂಡು ‘ಏನಾಯ್ತು?’ ಎಂದರು.

‘ಜೂನ್‌ಗೆ ಮಾತಾಡ್ತೀನಿ,’ ಎಂದೆ.

‘ನಾನು ಕೇಳಿದ್ದು ಕೋರ್ಸಿನ ವಿಷಯ ಕಣೇ,’ ಅಂದರು.

ನಾನೂ ಅದನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.